ಹುಡುಗರು ಹೆದರುವುದು ಲೈಬ್ರರಿ ಮೇಡಂಗೋ, ಬೀಗದ ಕೈಗೋ?

ಪ್ರಶ್ನೆ: ನಾನು ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ಕೆಲಸಕ್ಕೆ ಸೇರಿ ಇದು ಎರಡನೇ ವರ್ಷ. ತುಂಬ ಆಸೆ ಇಟ್ಟುಕೊಂಡು ಬಂದವಳು. ಆದರೆ ಹುಡುಗರು ನನ್ನ ಹತ್ತಿರ ಏನೂ ಕೇಳುವುದಿಲ್ಲ. ಬರುತ್ತಾರೆ, ಪೇಪರ್ ತಿರುವಿ ಹಾಕುತ್ತಾರೆ, ಹೋಗುತ್ತಾರೆ. ಪುಸ್ತಕ ಬೇಕಾದರೆ ನನ್ನನ್ನು ದಾಟಿ ಹೋಗಿ ಅಟೆಂಡರ್ ಅಣ್ಣನನ್ನು ಕೇಳುತ್ತಾರೆ. ನನಗೆ ಅವರು 'ಶ್ ಮೇಡಂ' ಅಂತ ಹೆಸರಿಟ್ಟಿದ್ದಾರೆ ಎಂದು ಮೊನ್ನೆ ಗೊತ್ತಾಯಿತು. ನಾನು ಮೊದಲಿನಿಂದಲೂ ಮಾತು ಕಡಿಮೆ. ಕನ್ನಡಕ ಹಾಕುತ್ತೇನೆ, ತುರುಬು ಕಟ್ಟುತ್ತೇನೆ. ನೋಡಿದವರಿಗೆ ಸಿಡುಕಿಯ ಹಾಗೆ ಕಾಣುತ್ತೇನೋ ಏನೋ. 'ಸ್ವಲ್ಪ ನಗುನಗ್ತಾ ಇರಿ ಮೇಡಂ' ಎಂದು ಪ್ರಿನ್ಸಿಪಾಲರು ಹೇಳಿದರು. ಉಳಿದ ಲೆಕ್ಚರರ್‌ಗಳು 'ನಿಮಗೇನ್ರೀ, ಆರಾಮಾಗಿ ಕೂತು ಓದೋ ಕೆಲಸ' ಅನ್ನುತ್ತಾರೆ. ನಾನು ನನ್ನ ಸ್ವಭಾವವನ್ನೇ ಬದಲಿಸಿಕೊಳ್ಳಬೇಕಾ? ಗೋಡೆ ಮೇಲಿರುವ 'ಮೌನವಾಗಿರಿ' ಬೋರ್ಡ್ ತೆಗೆದುಬಿಡಲಾ?

ಉತ್ತರ: ಮೊದಲು ಸ್ವಭಾವದ ವಿಷಯ ಮುಗಿಸಿಬಿಡೋಣ. ಬದಲಿಸಿಕೊಳ್ಳಬೇಡಿ. ನನ್ನ ನೌಕರಿಯೆಲ್ಲ ಕಾಲೇಜು ಲೈಬ್ರರಿಗಳಲ್ಲೇ ಕಳೆಯಿತು. ಹುಡುಗರು ಹುಡುಕಿಕೊಂಡು ಬರುತ್ತಿದ್ದ ಗ್ರಂಥಪಾಲಕರಲ್ಲಿ ಎಷ್ಟೋ ಜನ ಮಿತಭಾಷಿಗಳೇ ಆಗಿದ್ದರು. ಬಾಯಿ ತುಂಬ ಮಾತಾಡುತ್ತಿದ್ದ ಕೆಲವರ ಮೇಜಿನ ಹತ್ತಿರ ಒಂದು ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಒಂದು ಪುಸ್ತಕ ಕೇಳಿದರೆ ಹತ್ತು ನಿಮಿಷ ಭಾಷಣ ಕೇಳಬೇಕಲ್ಲ ಅನ್ನುವ ಭಯ! ಮಾತು ಕಡಿಮೆ ಇರುವವರು ಕೇಳಿಸಿಕೊಳ್ಳುತ್ತಾರೆ. ಈ ಕೆಲಸದಲ್ಲಿ ಅದಕ್ಕೇ ಬೆಲೆ ಜಾಸ್ತಿ. ಯಾಕೆಂದು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು ಬೇರೆ. 'ನನ್ನನ್ನು ದಾಟಿ ಹೋಗಿ ಅಟೆಂಡರ್ ಅಣ್ಣನನ್ನು ಕೇಳುತ್ತಾರೆ' ಎಂದಿದ್ದೀರಿ. ಅಂದರೆ ಹುಡುಗರಿಗೆ ಪ್ರಶ್ನೆಗಳಿವೆ. ಕೇಳುವ ಮನಸ್ಸೂ ಇದೆ. ಕೇಳಲು ಒಬ್ಬರನ್ನು ಆರಿಸಿಕೊಂಡೂ ಇದ್ದಾರೆ. ಆ ಅಣ್ಣ ಏನು ಮಾಡುತ್ತಾರೆ ಎಂದು ಒಂದು ವಾರ ಸುಮ್ನೆ ಗಮನಿಸಿ. ಅವರು ಮೇಜಿನ ಹಿಂದೆ ಕೂತಿರುವುದಿಲ್ಲ. ಕಪಾಟಿನ ನಡುವೆ ಓಡಾಡಿಕೊಂಡು, ಪುಸ್ತಕ ಜೋಡಿಸಿಕೊಂಡು ಇರುತ್ತಾರೆ. ಅವರ ಕೈಯಲ್ಲಿ ಆಗಲೇ ಪುಸ್ತಕ ಇರುತ್ತದೆ. ಅವರನ್ನು ಕೇಳಲು ಎಲ್ಲರ ಕಣ್ಣೆದುರು ಕೌಂಟರಿನವರೆಗೆ ನಡೆದು ಬರಬೇಕಾಗಿಲ್ಲ. ಎಲ್ಲಕ್ಕಿಂತ ದೊಡ್ಡ ವಿಷಯ, 'ಇಷ್ಟೂ ಗೊತ್ತಿಲ್ವಾ' ಎಂದು ಅವರು ಮನಸ್ಸಿನಲ್ಲೂ ಅಂದುಕೊಳ್ಳುವುದಿಲ್ಲ ಅನ್ನುವ ನಂಬಿಕೆ. ನೀವು ಗ್ರಂಥಾಲಯ ವಿಜ್ಞಾನದಲ್ಲಿ ಎಂ.ಲಿಬ್. ಓದಿದವರು, ಸ್ಟಾಫ್ ರೂಮಿನಲ್ಲಿ ಕೂರುವವರು. ನಿಮ್ಮ ಎದುರು ದಡ್ಡರಾಗಿ ಕಾಣಲು ಅವರಿಗೆ ಇಷ್ಟವಿಲ್ಲ.

ಇದು ನನ್ನ ಊಹೆ ಮಾತ್ರ ಅಲ್ಲ. 1986ರಲ್ಲಿ ಕಾನ್‌ಸ್ಟನ್ಸ್ ಮೆಲನ್ ಎಂಬ ಅಮೆರಿಕದ ಸಂಶೋಧಕಿ ಒಂದು ಅಧ್ಯಯನ ಪ್ರಕಟಿಸಿದರು. ಲೈಬ್ರರಿಗೆ ಹೋದಾಗ ಏನನ್ನಿಸಿತು ಎಂದು ಸುಮಾರು 6000 ಕಾಲೇಜು ವಿದ್ಯಾರ್ಥಿಗಳಿಂದ ಬರೆಸಿದ್ದರು. ಪ್ರತಿ ತರಗತಿಯಲ್ಲೂ ಶೇಕಡಾ 75ರಿಂದ 85ರಷ್ಟು ಮಂದಿ ಬರೆದದ್ದು ಒಂದೇ ಬಗೆಯ ಮಾತು: ಭಯ, ಗಾಬರಿ, ದಾರಿ ತಪ್ಪಿದ ಹಾಗೆ. ಇದಕ್ಕೆ ಅವರು 'ಲೈಬ್ರರಿ ಆತಂಕ' ಎಂದು ಹೆಸರಿಟ್ಟರು. ಹುಡುಗರ ಲೆಕ್ಕಾಚಾರ ಹೀಗಿತ್ತು. ಎಲ್ಲರಿಗೂ ಲೈಬ್ರರಿ ಬಳಸಲು ಬರುತ್ತದೆ, ನನಗೊಬ್ಬನಿಗೇ ಬರುವುದಿಲ್ಲ. ಇದು ನಾಚಿಕೆಗೇಡು. ಬಾಯಿ ಬಿಟ್ಟು ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಕೇಳುವುದೇ ಬೇಡ.

ಅಲ್ಲಿ ಗ್ರಂಥಪಾಲಕಿ ನಗುತ್ತಿದ್ದರೋ ಇಲ್ಲವೋ ಅನ್ನುವುದು ಮುಖ್ಯ ವಿಷಯವೇ ಆಗಿರಲಿಲ್ಲ ನೋಡಿ. ಅಮೆರಿಕದ ಮಕ್ಕಳ ಕಥೆಯೇ ಹೀಗಿದ್ದರೆ, ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಮನೆಯಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ನಿಮ್ಮ ಹುಡುಗರ ಪಾಡೇನು?

ಇನ್ನು ತುರುಬು, ಕನ್ನಡಕ. ಗ್ರಂಥಪಾಲಕಿ ಎಂದರೆ ತುರುಬು ಕಟ್ಟಿದ ಸಿಡುಕಿ ಅನ್ನುವ ಚಿತ್ರ ನಮ್ಮದಲ್ಲ. ಅದಕ್ಕೆ ಅಮೆರಿಕದಲ್ಲಿ ಒಂದು ಹಿನ್ನೆಲೆ ಇದೆ. 1887ರಲ್ಲಿ, ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಕೊಡುವ ಪದ್ಧತಿ ಮಾಡಿದ ಮೆಲ್ವಿಲ್ ಡ್ಯೂಯಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಗ್ರಂಥಪಾಲಕರಿಗೆಂದೇ ಒಂದು ಶಾಲೆ ತೆರೆದರು. ಮೊದಲ ತಂಡದ 20 ಜನರಲ್ಲಿ 17 ಮಂದಿ ಹೆಂಗಸರು. ಓದಿದ ಹೆಣ್ಣುಮಕ್ಕಳಿಗೆ ಆಗ ತೆರೆದಿದ್ದ ಬಾಗಿಲುಗಳೇ ಕೆಲವು. ಗಂಡಸರಿಗಿಂತ ಕಡಿಮೆ ಸಂಬಳಕ್ಕೆ ಅವರು ಸಿಗುತ್ತಿದ್ದರು. ಎಷ್ಟೋ ಕಡೆ ಮದುವೆಯಾದರೆ ಕೆಲಸ ಬಿಡಬೇಕಿತ್ತು. ಹಾಗಾಗಿ ಕೌಂಟರಿನ ಹಿಂದೆ ವರ್ಷಗಟ್ಟಲೆ ಉಳಿದವರಲ್ಲಿ ಮದುವೆಯಾಗದವರೇ ಜಾಸ್ತಿ. ಸಿನಿಮಾದವರಿಗೂ ಕಾರ್ಟೂನಿನವರಿಗೂ ಅಷ್ಟು ಸಾಕಾಯಿತು. 2003ರಲ್ಲಿ ಸಿಯಾಟಲ್‌ನ ಆಟಿಕೆ ಕಂಪನಿಯೊಂದು ಅದೇ ಊರಿನ ಹೆಸರಾಂತ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ಗೊಂಬೆ ಮಾಡಿತು. ಗುಂಡಿ ಒತ್ತಿದರೆ ಗೊಂಬೆ ಕೈ ಎತ್ತಿ ತುಟಿಗೆ ಬೆರಳಿಡುತ್ತದೆ. ಕೆಲವು ಗ್ರಂಥಪಾಲಕರಿಗೆ ಭಾರಿ ಸಿಟ್ಟು ಬಂತು. ಪರ್ಲ್ ನಕ್ಕು ಸುಮ್ಮನಾದರು. ಅವರು 1998ರಲ್ಲೇ ಇಡೀ ಊರಿಗೆ ಒಂದೇ ಪುಸ್ತಕ ಓದಿಸಿ, ಎಲ್ಲರೂ ಕೂತು ಅದರ ಬಗ್ಗೆ ಮಾತಾಡುವ ಹಾಗೆ ಮಾಡಿದವರು. 'ಶ್' ಗೊಂಬೆಗೂ ಅವರಿಗೂ ಎತ್ತಣಿಂದೆತ್ತ ಸಂಬಂಧ! ಅಡ್ಡಹೆಸರಿನ ವಿಷಯದಲ್ಲಿ ನಿಮಗೂ ನನ್ನ ಸಲಹೆ ಅದೇ. ಕಾಲೇಜು ಹುಡುಗರು ಯಾರಿಗೆ ಹೆಸರಿಡುವುದಿಲ್ಲ ಹೇಳಿ? ಪ್ರಿನ್ಸಿಪಾಲರಿಗೂ ಒಂದು ಇಟ್ಟಿರುತ್ತಾರೆ. ಅದು ನಿಮ್ಮ ಕಿವಿಗೆ ಬಿದ್ದಿರಲಿಕ್ಕಿಲ್ಲ, ಅಷ್ಟೆ.

ನಮ್ಮ ಕಡೆಯ ಗ್ರಂಥಪಾಲಕರ ಚಿತ್ರದಲ್ಲಿ ತುರುಬು ಇಲ್ಲ, ಬೀಗ ಇದೆ. ಗಾಜಿನ ಬಾಗಿಲಿನ ಕಬ್ಬಿಣದ ಬೀರು, ಅದಕ್ಕೊಂದು ಬೀಗ, ಡ್ರಾಯರಿನಲ್ಲಿ ಬೀಗದ ಕೈ ಗೊಂಚಲು. ಹುಡುಗ ಗಾಜಿಗೆ ಮೂಗು ತಾಗಿಸಿಕೊಂಡು ಪುಸ್ತಕದ ಬೆನ್ನ ಮೇಲಿನ ಹೆಸರು ಓದಬೇಕು. ಚೀಟಿಯಲ್ಲಿ ಬರೆದುಕೊಡಬೇಕು. ಯಾರೋ ಎದ್ದು ಬಂದು, ಹತ್ತು ಕೈಗಳಲ್ಲಿ ಸರಿಯಾದದ್ದನ್ನು ಹುಡುಕಿ, ಬಾಗಿಲು ತೆಗೆದು ಕೊಡಬೇಕು. ತೆಗೆದು ನೋಡಿ ಇದು ಬೇಡ ಅನಿಸಿದರೆ? ವಾಪಸ್ ಕೊಡಲು ಮುಖ ಬರುವುದಿಲ್ಲ. ಬೇಡದ ಪುಸ್ತಕವನ್ನೇ ಹೊತ್ತುಕೊಂಡು ಹೋಗುತ್ತಾನೆ. ಮುಂದಿನ ಸಲ ಬರುವುದಿಲ್ಲ. ನಿಮ್ಮ ಲೈಬ್ರರಿಯಲ್ಲಿ ಎಷ್ಟು ಬೀರುಗಳಿಗೆ ಬೀಗ ಇದೆ ಎಂದು ನೀವು ಬರೆದಿಲ್ಲ. ಒಂದಕ್ಕಾದರೂ ಇದ್ದೇ ಇರುತ್ತದೆ ಎಂದುಕೊಂಡೇ ಮುಂದೆ ಬರೆಯುತ್ತೇನೆ.

ನಮ್ಮವರು ಹೀಗೆ ಬೀಗ ಹಾಕಿಕೊಂಡು ಕೂತದ್ದು ಜಿಪುಣತನದಿಂದಲ್ಲ, ವಸೂಲಿಯ ಭಯದಿಂದ. ಪುಸ್ತಕಗಳೆಲ್ಲ ಇವೆಯೇ ಎಂದು ಎಣಿಸುವ ಸ್ಟಾಕ್ ವೆರಿಫಿಕೇಶನ್ ಬರುತ್ತದೆ. ಲೈಬ್ರರಿಗೆ ಬಂದ ಪ್ರತಿ ಪುಸ್ತಕವನ್ನೂ ನಂಬರ್ ಹಾಕಿ ಬರೆದಿಡುವ ಆಕ್ಸೆಷನ್ ರಿಜಿಸ್ಟರ್ ಬಿಚ್ಚಿ ಒಂದೊಂದು ನಂಬರಿಗೂ ಟಿಕ್ ಹಾಕುತ್ತಾ ಹೋಗುತ್ತಾರೆ. ಸಿಗದ ಪುಸ್ತಕದ ಲೆಕ್ಕ ಯಾರ ತಲೆಗೆ? ಗ್ರಂಥಪಾಲಕರ ತಲೆಗೆ. ನಿವೃತ್ತಿ ಹತ್ತಿರ ಬಂದಾಗ ಕಳೆದ ಪುಸ್ತಕದ ಪಟ್ಟಿ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದವರನ್ನು ನಾನು ಕಂಡಿದ್ದೇನೆ. ಅಂಥವರಿಗೆ ಓದುವವನು ಬಂದರೆ ಸಂತೋಷ ಆಗುವುದಾದರೂ ಹೇಗೆ? ಬಂದವನೆಲ್ಲ ಕಳ್ಳನ ಹಾಗೇ ಕಾಣುತ್ತಾನೆ. ಮುಖ ಗಂಟಿಕ್ಕಿಕೊಳ್ಳುತ್ತದೆ. ಜನ ಅದನ್ನು 'ಲೈಬ್ರರಿಯವರ ಬುದ್ಧಿ' ಅನ್ನುತ್ತಾರೆ.

ಆದ್ದರಿಂದ ನಗುವ ಅಭ್ಯಾಸ ಮಾಡುವ ಮೊದಲು ಈ ಭಯಕ್ಕೆ ಮದ್ದು ಮಾಡಿ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ಓದಿ. ವರ್ಷದಲ್ಲಿ ಎರವಲು ಕೊಟ್ಟ ಮತ್ತು ಅಲ್ಲೇ ನೋಡಲು ತೆಗೆದ ಪ್ರತಿ 1000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ಎಂದು ಒಪ್ಪಬಹುದು ಎಂದು ಅಲ್ಲಿದೆ. ಮೋಸ, ನಿರ್ಲಕ್ಷ್ಯ ಇರಬಾರದು, ಅಷ್ಟೆ. 1000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ನಿಮ್ಮದು ರಾಜ್ಯ ಸರ್ಕಾರದ ಕಾಲೇಜು, ಹಾಗಾಗಿ ಇದು ನಿಮಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಕಾಲೇಜಿನ ಗ್ರಂಥಾಲಯ ಸಮಿತಿಯ ಮುಂದಿಡಲು ಇದಕ್ಕಿಂತ ಒಳ್ಳೆಯ ಆಧಾರ ಸಿಗುವುದಿಲ್ಲ. ಗಮನಿಸಿ, ಇಲ್ಲಿ ಲೆಕ್ಕ ಕಪಾಟಿನಲ್ಲಿರುವ ಪುಸ್ತಕಕ್ಕಲ್ಲ, ಕೈ ಬದಲಾದ ಪುಸ್ತಕಕ್ಕೆ. ಹೆಚ್ಚು ಕೊಟ್ಟವರಿಗೆ ಹೆಚ್ಚು ರಿಯಾಯಿತಿ. ಸಮಿತಿ ಸಭೆಯಲ್ಲಿ ಇಂಥದ್ದೊಂದು ಮಿತಿ ಒಪ್ಪಿಸಿ, ನಡಾವಳಿಯಲ್ಲಿ ಬರೆಸಿ, ಪ್ರಿನ್ಸಿಪಾಲರ ಸಹಿ ತೆಗೆದುಕೊಳ್ಳಿ. ಬಾಯಿಮಾತಿಗೆ ನಂಬಬೇಡಿ. ಸಹಿ ಕೈಗೆ ಬಂದ ದಿನ ದುಬಾರಿ ಪುಸ್ತಕಗಳ ಒಂದು ಬೀರು ಬಿಟ್ಟು ಉಳಿದವನ್ನೆಲ್ಲ ತೆರೆಯಿರಿ.

ಇದು ಹೊಸ ಕ್ರಾಂತಿ ಏನಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಪಿತಾಮಹ ಅನಿಸಿಕೊಂಡ ಎಸ್.ಆರ್. ರಂಗನಾಥನ್ ಅವರನ್ನು ನೀವು ಓದಿರುತ್ತೀರಿ, ಪರೀಕ್ಷೆಗೆ. ಮನುಷ್ಯನ ಕಥೆ ಪಠ್ಯದಲ್ಲಿ ಅಷ್ಟಾಗಿ ಬರುವುದಿಲ್ಲ. ಅವರು ಗಣಿತದ ಮೇಷ್ಟ್ರು. 1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮಾತಾಡಲು ಜನರಿಲ್ಲದ ಆ ಕೋಣೆಯಲ್ಲಿ ಕೂತು ಕೂತು ಕೆಲವೇ ದಿನದಲ್ಲಿ ಬೇಸತ್ತು, ನನ್ನನ್ನು ಪಾಠಕ್ಕೇ ವಾಪಸ್ ಕಳಿಸಿ ಎಂದು ಗೋಗರೆದರು. ಒಮ್ಮೆ ಲಂಡನ್‌ಗೆ ಹೋಗಿ ಬಾ, ಆಮೇಲೂ ಬೇಡ ಅನಿಸಿದರೆ ನೋಡೋಣ ಎಂದು ಮೇಲಿನವರು ಕಳಿಸಿದರು. ಅಲ್ಲಿ ಮಕ್ಕಳು, ಕೂಲಿಯವರು, ಗೃಹಿಣಿಯರು ತಾವೇ ಕಪಾಟಿನಿಂದ ಪುಸ್ತಕ ತೆಗೆದುಕೊಳ್ಳುವುದನ್ನು ಕಂಡರು. ತಿರುಗಿ ಬಂದವರು ಮದ್ರಾಸಿನಲ್ಲೂ ತೆರೆದ ಕಪಾಟಿನ ಪದ್ಧತಿ ತಂದರು. 1931ರಲ್ಲಿ ಅವರು ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ 'ಪುಸ್ತಕಗಳು ಇರುವುದು ಬಳಕೆಗೆ' ಎಂಬುದು. ಆ ಸೂತ್ರವನ್ನು ವಿವರಿಸುವಾಗ ಯೂರೋಪಿನಲ್ಲಿ ಹಿಂದೆ ಪುಸ್ತಕಗಳನ್ನು ಸರಪಳಿ ಹಾಕಿ ಕಟ್ಟುತ್ತಿದ್ದುದನ್ನು ನೆನೆಯುತ್ತಾರೆ. ಇಂಗ್ಲೆಂಡಿನ ಹೆರೆಫರ್ಡ್ ಚರ್ಚಿನಲ್ಲಿ ಅಂಥ ಸರಪಳಿ ಪುಸ್ತಕಗಳು ಇವತ್ತಿಗೂ ಇವೆ. ಲೈಬ್ರರಿ ಊರ ಯಾವ ಮೂಲೆಯಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕುರ್ಚಿ ಮೇಜು ಹೇಗಿರಬೇಕು, ಸಿಬ್ಬಂದಿ ಹೇಗಿರಬೇಕು ಎಲ್ಲವನ್ನೂ ಅವರು ಈ ಒಂದೇ ಸೂತ್ರದಿಂದ ಹೊರಡಿಸುತ್ತಾರೆ. ಸ್ನೇಹದ ಮುಖವೂ ಒಳ್ಳೆಯ ಕುರ್ಚಿಯೂ ಅವರಿಗೆ ಒಂದೇ ವಿಷಯದ ಎರಡು ಭಾಗ. 1957ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಇಲ್ಲೇ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಗೆಂದು ಡಿ.ಆರ್.ಟಿ.ಸಿ. ಎಂಬ ಕೇಂದ್ರ ಕಟ್ಟಿ, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ಹೆಸರಲ್ಲಿ ಗ್ರಂಥಪಾಲಕರ ದಿನ ಎಂದು ಆಗಸ್ಟ್ 12ಕ್ಕೆ ಫೋಟೋಗೆ ಹಾರ ಹಾಕುವ ಎಷ್ಟೋ ಲೈಬ್ರರಿಗಳಲ್ಲಿ ಬೀರುಗಳಿಗೆ ಇನ್ನೂ ಬೀಗ ಇದೆ. ಈ ಮಾತು ಸ್ವಲ್ಪ ಖಾರ ಆಯಿತೇನೋ, ಇರಲಿ.

ಬೀಗ ತೆಗೆದ ಮೇಲೆ ಕಪಾಟಿನ ತಲೆಪಟ್ಟಿ ನೋಡಿ. '894.814' ಎಂದು ಬರೆದಿರುತ್ತದೆ. ನಿಮಗೆ, ನನಗೆ ಅದು ಕನ್ನಡ ಸಾಹಿತ್ಯ. ಬಿ.ಕಾಂ. ಹುಡುಗನಿಗೆ ಅದು ಬಸ್ ನಂಬರೂ ಅಲ್ಲ, ಫೋನ್ ನಂಬರೂ ಅಲ್ಲ. ನಂಬರ್ ಪುಸ್ತಕದ ಬೆನ್ನ ಮೇಲಿರಲಿ. ಕಪಾಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಕಥೆ, ಕಾದಂಬರಿ', 'ಅಕೌಂಟ್ಸ್', 'ಕೆ.ಎ.ಎಸ್., ಪಿ.ಡಿ.ಒ., ಎಫ್.ಡಿ.ಎ. ಪರೀಕ್ಷೆ', 'ಹಳೇ ಪ್ರಶ್ನೆಪತ್ರಿಕೆ' ಎಂದು ಬರೆಸಿ. ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ. ನಿಮ್ಮ ಹತ್ತಿರ ಬರುವುದು ಉಳಿದರ್ಧ, ನಿಜವಾಗಿ ನೀವು ಬೇಕಾಗಿರುವ ಪ್ರಶ್ನೆಗಳು.

ಈಗ ನಿಮ್ಮ ಮೇಜು. ಬಾಗಿಲಿಗೆ ನೇರ ಎದುರಾಗಿ, ಎತ್ತರದ ಕೌಂಟರಿನ ಹಿಂದೆ, ಕಂಪ್ಯೂಟರ್ ಪರದೆಯ ಮರೆಯಲ್ಲಿ ಕೂತಿದ್ದೀರಾ? ಹಾಗಿದ್ದರೆ ಒಳಗೆ ಬರುವವರಿಗೆ ಕಾಣುವುದು ತುರುಬು ಮತ್ತು ಕನ್ನಡಕದ ಮೇಲಿನ ಅಂಚು ಮಾತ್ರ. ಪರದೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ. ಮೇಜಿನ ಈ ಕಡೆ ಒಂದು ಖಾಲಿ ಕುರ್ಚಿ ಹಾಕಿ. ದಿನದಲ್ಲಿ ಎರಡು ಸಲ, ಹಳ್ಳಿ ಬಸ್ಸುಗಳು ಬಂದು ಹುಡುಗರು ಇಳಿಯುವ ಹೊತ್ತಿಗೆ ಮತ್ತು ಮಧ್ಯಾಹ್ನದ ಊಟದ ನಂತರ, ಎದ್ದು ಕಪಾಟಿನ ನಡುವೆ ಹೋಗಿ. ಸುಮ್ನೆ ಪಹರೆ ತಿರುಗುವ ಹಾಗೆ ಬೇಡ. ಕೈಯಲ್ಲಿ ನಾಲ್ಕು ಪುಸ್ತಕ ಇರಲಿ, ಜೋಡಿಸುತ್ತಾ ಹೋಗಿ. ಪಕ್ಕದಲ್ಲಿ ನಿಂತವರ ಜೊತೆ ಮಾತು ತಾನಾಗಿ ಬರುತ್ತದೆ. ಅಟೆಂಡರ್ ಅಣ್ಣನ ವಿದ್ಯೆ ಇಷ್ಟೇ.

ಮೇಜಿನ ಹತ್ತಿರ ಯಾರಾದರೂ ಬಂದಾಗ ಮೊದಲ ಹತ್ತು ಸೆಕೆಂಡು ಎಲ್ಲವನ್ನೂ ನಿರ್ಧರಿಸುತ್ತದೆ. ಪೆನ್ನು ಕೆಳಗಿಡಿ. ತಲೆ ಎತ್ತಿ. ನೀವೇ ಮೊದಲು ಮಾತಾಡಿ. 'ಬಾಪ್ಪ, ಏನು ಬೇಕಿತ್ತು?' ಸಾಕು. ಫೋನಿನಲ್ಲಿದ್ದರೆ ಕೈಯಲ್ಲೇ ಒಂದು ನಿಮಿಷ ಎಂದು ತೋರಿಸಿ. ಅಮೆರಿಕದ ಗ್ರಂಥಪಾಲಕರ ಸಂಘದವರು 1996ರಲ್ಲಿ ಮಾಡಿಕೊಂಡ ಮಾರ್ಗಸೂಚಿಯಲ್ಲೂ ಇರುವುದು ಇಂಥವೇ. ಕಣ್ಣಿಗೆ ಕಾಣುವ ಜಾಗದಲ್ಲಿರಿ, ಬಂದವರನ್ನು ಗಮನಿಸಿದ್ದೀರಿ ಎಂದು ತೋರಿಸಿ, ಬೇರೆ ಕೆಲಸ ಬದಿಗಿಡಿ. ಎಲ್ಲವೂ ಮಾಡಬಹುದಾದ ಕೆಲಸಗಳು. 'ಒಳ್ಳೆ ಸ್ವಭಾವದವರಾಗಿ' ಎಂದು ಯಾರೂ ಬರೆದಿಲ್ಲ.

ಆಮೇಲೆ ಬರುವುದು ಕೇಳಿಸಿಕೊಳ್ಳುವ ಭಾಗ. ಇಲ್ಲಿ ನಿಮ್ಮಂಥವರದೇ ಕೈ ಮೇಲು. ಜನ ತಮಗೆ ಏನು ಬೇಕೋ ಅದನ್ನು ಕೇಳುವುದಿಲ್ಲ, ಲೈಬ್ರರಿಯಲ್ಲಿ ಏನು ಇರಬಹುದು ಅನಿಸುತ್ತದೋ ಅದನ್ನು ಕೇಳುತ್ತಾರೆ. ರಾಬರ್ಟ್ ಟೇಲರ್ ಎಂಬ ಅಮೆರಿಕದ ಗ್ರಂಥಾಲಯ ತಜ್ಞರು 1968ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ಒಂದು ಉದಾಹರಣೆ ಕೊಡುತ್ತೇನೆ. ಇಂಥ ಸಂಭಾಷಣೆ ಯಾವ ಕಾಲೇಜಿನಲ್ಲಾದರೂ ನಡೆಯಬಹುದು.

'ಮೇಡಂ, ಇಂಗ್ಲಿಷ್ ಗ್ರಾಮರ್ ಬುಕ್ ಇದ್ಯಾ?'

'ಇದೆ ಕಣಮ್ಮ, ಮೂರ್ನಾಲ್ಕು ಥರ ಇದೆ. ಪರೀಕ್ಷೆಗೋ, ಏನಾದ್ರೂ ಬರೆಯೋಕೋ?'

'ಬರೆಯೋಕೆ ಮೇಡಂ.'

'ಏನು ಬರೀತಿದ್ದೀಯ ಅಂತ ಗೊತ್ತಾದ್ರೆ ಸರಿಯಾದ್ದು ತೆಗೆದುಕೊಡ್ತೀನಿ.'

ಇಲ್ಲಿ ಸುಮ್ಮನಾಗಬೇಕು. ಮೂರು ನಾಲ್ಕು ಸೆಕೆಂಡು ಏನೂ ಮಾತಾಡಬಾರದು. ಮಾತುಗಾರರಿಗೆ ಇದು ಆಗುವುದೇ ಇಲ್ಲ, ಮಧ್ಯೆ ಬಾಯಿ ಹಾಕಿಬಿಡುತ್ತಾರೆ.

'ಒಂದು ಲೆಟರ್... ಬ್ಯಾಂಕಿಗೆ. ನಮ್ಮಪ್ಪನ ಅಕೌಂಟಲ್ಲಿ ದುಡ್ಡು ಕಟ್ ಆಗಿದೆ. ಕೇಳಿದ್ರೆ ಬರೆದು ಕೊಡಿ ಅಂದ್ರು.'

ನೋಡಿ, ಎಲ್ಲಿಂದ ಎಲ್ಲಿಗೆ ಬಂತು! ಗ್ರಾಮರ್ ಪುಸ್ತಕ ಕೊಟ್ಟು ಕಳಿಸಿದ್ದರೆ ಆ ಹುಡುಗಿ ಅದನ್ನು ಬ್ಯಾಗಿನಲ್ಲಿ ಹೊತ್ತು ತಿರುಗಿ, ವಾರ ಕಳೆದು ವಾಪಸ್ ತಂದುಕೊಡುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಮೂರು ವಿಷಯ. ಪತ್ರವನ್ನು ಕನ್ನಡದಲ್ಲೇ ಬರೆಯಬಹುದು. ಅದರಲ್ಲಿ ಖಾತೆ ನಂಬರು, ಹಣ ಕಡಿತವಾದ ದಿನ, ಮೊತ್ತ ಇರಬೇಕು. ಕೊಟ್ಟದ್ದಕ್ಕೆ ಇನ್ನೊಂದು ಪ್ರತಿಯ ಮೇಲೆ ಬ್ಯಾಂಕಿನ ಸೀಲು ಹಾಕಿಸಿಕೊಳ್ಳಬೇಕು. 30 ದಿನದಲ್ಲಿ ಬ್ಯಾಂಕು ಉತ್ತರ ಕೊಡದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ ಎಂಬುದನ್ನೂ ಹೇಳಿ ಕಳಿಸಿ. ಆ ಹುಡುಗಿ ಹಾಸ್ಟೆಲಿಗೆ ಹೋಗಿ ಹತ್ತು ಜನಕ್ಕೆ ಹೇಳುತ್ತಾಳೆ. ನೀವು ನಕ್ಕಿರೋ ಇಲ್ಲವೋ ಎಂದು ಯಾರಿಗೂ ನೆನಪಿರುವುದಿಲ್ಲ.

ಗೊತ್ತಿಲ್ಲದ ಪ್ರಶ್ನೆ ಬಂದರೆ? 'ನನಗೂ ಗೊತ್ತಿಲ್ಲ, ಬಾ ಇಬ್ಬರೂ ನೋಡೋಣ' ಅನ್ನಿ. ಪರದೆಯನ್ನು ಅವರ ಕಡೆ ತಿರುಗಿಸಿ, ಅವರ ಎದುರೇ ಹುಡುಕಿ. ಎಂ.ಲಿಬ್. ಓದಿದವರೂ ಹುಡುಕಿಯೇ ತಿಳಿದುಕೊಳ್ಳುವುದು ಎಂದು ಕಣ್ಣಾರೆ ಕಂಡರೆ ಆ ನಾಚಿಕೆಯ ಅರ್ಧ ಭಾಗ ಇಳಿಯುತ್ತದೆ. ಇನ್ನೊಂದು ಮಾತು. ಯಾವ ಪ್ರಶ್ನೆಗೂ ಜೋರಾಗಿ ಉತ್ತರ ಕೊಡಬೇಡಿ. 'ಏನು, ಡಿಕ್ಷನರಿ ನೋಡೋದು ಹೇಗೆ ಅಂತಾನಾ?' ಎಂದು ಹಾಲ್‌ಗೆಲ್ಲ ಕೇಳುವ ಹಾಗೆ ಒಮ್ಮೆ ಅಂದರೆ ಸಾಕು, ಆ ವರ್ಷವಿಡೀ ಇನ್ನೊಬ್ಬರು ಕೇಳುವುದಿಲ್ಲ.

ನಿಮ್ಮ ಹುಡುಗರಿಗೆ ಲೈಬ್ರರಿ ಜೊತೆ ಮೊದಲ ನಿಜವಾದ ಮಾತುಕತೆ ಯಾವಾಗ ಆಗುತ್ತದೆ ಗೊತ್ತಾ? ನೋ ಡ್ಯೂ ಸರ್ಟಿಫಿಕೇಟಿಗೆ ಬಂದಾಗ. ಹಾಲ್ ಟಿಕೆಟ್ ಬೇಕು, ಅದಕ್ಕೆ ನೋ ಡ್ಯೂ ಬೇಕು, ಅದಕ್ಕೆ ನಿಮ್ಮ ಸಹಿ ಬೇಕು. ಸಾಲು ಉದ್ದ, ಬಿಸಿಲು, ಎಲ್ಲರಿಗೂ ಅವಸರ. ಆಗ ನೀವು ರಿಜಿಸ್ಟರ್ ನೋಡಿ 'ಒಂದು ಪುಸ್ತಕ ಬಾಕಿ, ದಂಡ ಕಟ್ಟು' ಅನ್ನುತ್ತೀರಿ. ಮೂರು ವರ್ಷದಲ್ಲಿ ನೀವು ಅವನಿಗೆ ಹೇಳಿದ ಒಂದೇ ಮಾತು ಅದು! ಅವನ ಮಟ್ಟಿಗೆ ನೀವು ಟೋಲ್ ಗೇಟು. ಇದನ್ನು ಮುರಿಯಲು ವರ್ಷದ ಮೊದಲ ತಿಂಗಳಲ್ಲೇ ಹೊಸಬರನ್ನು ಹದಿನೈದು ಹದಿನೈದು ಜನರ ಗುಂಪಾಗಿ ಒಳಗೆ ಕರೆಸಿ. ಸಭಾಂಗಣದಲ್ಲಿ ಪವರ್‌ಪಾಯಿಂಟ್ ತೋರಿಸುವ ಓರಿಯಂಟೇಶನ್ ಬೇಡವೇ ಬೇಡ, ಅದರಲ್ಲಿ ಎಲ್ಲರೂ ನಿದ್ದೆ ಹೊಡೆಯುತ್ತಾರೆ. ಪ್ರತಿಯೊಬ್ಬರಿಗೂ ಒಂದು ಪುಸ್ತಕದ ಹೆಸರು ಬರೆದ ಚೀಟಿ ಕೊಡಿ. ಅವರೇ ಕಪಾಟಿಗೆ ಹೋಗಿ ಹುಡುಕಿ ತರಲಿ. ಸಿಗದಿದ್ದವರು ನಿಮ್ಮ ಹತ್ತಿರ ಬಂದೇ ಬರಬೇಕು. ಹಾಗೆ ಬರುವಂತೆ ಕೆಲವು ಚೀಟಿಗಳನ್ನು ಬೇಕಂತಲೇ ಸ್ವಲ್ಪ ಕಷ್ಟದ್ದಾಗಿ ಇಡಿ. ಮೊದಲ ಪ್ರಶ್ನೆ ಕೇಳಿಸಿಕೊಂಡಾಯಿತಲ್ಲ, ಎರಡನೆಯದು ಸುಲಭ. ದಂಡದ ವಿಷಯಕ್ಕೆ ಪರೀಕ್ಷೆಗೆ ತಿಂಗಳ ಮೊದಲೇ 'ಈ ವಾರ ತಂದುಕೊಟ್ಟರೆ ದಂಡ ಇಲ್ಲ' ಎಂದು ಸಮಿತಿಯ ಒಪ್ಪಿಗೆ ಪಡೆದು ಬೋರ್ಡ್ ಹಾಕಿ. ಮಂಚದ ಕೆಳಗಿದ್ದ ಪುಸ್ತಕಗಳೆಲ್ಲ ಎದ್ದು ಬರುತ್ತವೆ.

ನಿಮ್ಮ ಹುಡುಗರಲ್ಲಿ ಕೆಲವರಿಗಾದರೂ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದ ರೂಢಿ ಇರುತ್ತದೆ. 2019ರಲ್ಲಿ ಅವು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಆಗ ಹೈಸ್ಕೂಲಿನಲ್ಲಿ ಓದುತ್ತಿದ್ದವರು ಈಗ ಕಾಲೇಜು ವಯಸ್ಸಿನವರು. ಅಲ್ಲಿನ ಮೇಲ್ವಿಚಾರಕರಿಗೆ ಎಲ್ಲ ಮಕ್ಕಳ ಹೆಸರೂ, ಅಪ್ಪ ಅಮ್ಮನ ಹೆಸರೂ ಗೊತ್ತಿರುತ್ತದೆ. ಅಂಥ ಕಡೆಯಿಂದ ಬಂದ ನಾಲ್ಕು ಮಕ್ಕಳನ್ನು ಹುಡುಕಿ, 'ನಿಮ್ಮೂರ ಲೈಬ್ರರಿಯಲ್ಲಿ ಹೇಗಿತ್ತು' ಎಂದು ಕೇಳಿ. ನನಗಿಂತ ಚೆನ್ನಾಗಿ ಅವರೇ ಹೇಳಬಹುದು. ನಿಮ್ಮ ಲೈಬ್ರರಿಗೆ ಮೊದಲ ವಕೀಲರೂ ಅವರೇ ಆಗುತ್ತಾರೆ.

ಪ್ರಿನ್ಸಿಪಾಲರ ನಗುವಿನ ಸಲಹೆಗೆ ಬರೋಣ. ಗಂಡಸು ಗ್ರಂಥಪಾಲಕರಿಗೆ 'ನಗುನಗ್ತಾ ಇರಿ ಸಾರ್' ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅವರು ಗಂಭೀರವಾಗಿದ್ದರೆ 'ಶಿಸ್ತಿನ ಮನುಷ್ಯ'. ಹೆಂಗಸು ಗಂಭೀರವಾಗಿದ್ದರೆ 'ಸಿಡುಕಿ'. ನಗುವನ್ನು ತಪ್ಪು ತಿಳಿದುಕೊಂಡು ಫೋನ್ ನಂಬರ್ ಕೇಳುವ, ಕೌಂಟರಿಗೆ ಒರಗಿ ಹರಟುವ ಹುಡುಗರೂ ಇರುತ್ತಾರೆ, ಅದು ನಿಮಗೇ ಗೊತ್ತು. ಕೈಗೆ ಸಿಗುವವರಾಗುವುದು ಬೇರೆ, ಎಲ್ಲಕ್ಕೂ ಸಿಗುವವರಾಗುವುದು ಬೇರೆ. ಕೆಲಸದ ಪ್ರಶ್ನೆಗೆ ಪೂರ್ತಿ ಗಮನ ಕೊಡಿ. ಹರಟೆಗೆ 'ಇನ್ನೇನಾದ್ರೂ ಪುಸ್ತಕ ಬೇಕಿತ್ತಾ?' ಎಂದು ಕೇಳಿ ರಿಜಿಸ್ಟರ್ ಕಡೆ ತಿರುಗಿ. ವೈಯಕ್ತಿಕ ನಂಬರ್ ಯಾರಿಗೂ ಕೊಡಬೇಡಿ. ವಾಟ್ಸಾಪ್ ಗುಂಪು ಬೇಕಿದ್ದರೆ ಲೈಬ್ರರಿಯದೇ ಒಂದು ಸಿಮ್ ಕೇಳಿ ಪಡೆಯಿರಿ.

'ಆರಾಮಾಗಿ ಕೂತು ಓದೋ ಕೆಲಸ' ಅನ್ನುವವರ ಜೊತೆ ವಾದಕ್ಕೆ ಇಳಿಯಬೇಡಿ. ಒಂದು ನೋಟ್‌ಬುಕ್ ಇಡಿ. ಯಾರು ಎಂದು ಬರೆಯುವುದು ಬೇಡ. ಏನು ಕೇಳಿದರು, ಏನು ಕೊಟ್ಟಿರಿ, ಏನು ಇರಲಿಲ್ಲ, ಇಷ್ಟೇ. ತಿಂಗಳ ಕೊನೆಗೆ ಒಂದು ಪುಟ ಮಾಡಿ ಪ್ರಿನ್ಸಿಪಾಲರಿಗೆ ಕೊಡಿ. 'ಇಲ್ಲ' ಎಂದು ಬರೆದ ಸಾಲುಗಳೇ ಮುಂದಿನ ಸಲದ ಪುಸ್ತಕ ಖರೀದಿ ಪಟ್ಟಿ. ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವ ಹೊತ್ತಿಗೆ ಲೈಬ್ರರಿ ಬಳಕೆಯ ದಾಖಲೆ ಹುಡುಕಿಕೊಂಡು ಅದೇ ಲೆಕ್ಚರರ್‌ಗಳು ನಿಮ್ಮ ಮೇಜಿಗೆ ಬರುತ್ತಾರೆ, ನೋಡುತ್ತಿರಿ. ಆಗ ಅವರನ್ನೂ ಆ ಖಾಲಿ ಕುರ್ಚಿಯಲ್ಲಿ ಕೂರಿಸಿ.

ಕೊನೆಗೆ ಬೋರ್ಡು. ಪೂರ್ತಿ ತೆಗೆಯಬೇಡಿ. ಮನೆಯಲ್ಲಿ ಟಿವಿ ಗಲಾಟೆ, ಹಾಸ್ಟೆಲಿನಲ್ಲಿ ಒಂದು ರೂಮಿಗೆ ಆರು ಜನ ಇರುವ ಹುಡುಗಿಯರಿಗೆ ಊರಲ್ಲಿ ಸದ್ದಿಲ್ಲದ ಜಾಗ ಅಂತ ಇರುವುದು ನಿಮ್ಮ ಹಾಲ್ ಒಂದೇ. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುವ ಹುಡುಗನಿಗೂ ಅಷ್ಟೇ. ಅವರ ಮೌನವನ್ನು ಕಾಯುವುದೂ ನಿಮ್ಮ ಕೆಲಸವೇ. ಆದರೆ ಬೋರ್ಡನ್ನು ನಿಮ್ಮ ತಲೆಯ ಮೇಲಿಂದ ಇಳಿಸಿ, ಓದುವ ಮೇಜುಗಳ ಕಡೆಯ ಗೋಡೆಗೆ ಹಾಕಿ. ಕೌಂಟರಿನ ಸುತ್ತ ಮೆಲುದನಿಯಲ್ಲಿ ಮಾತಾಡಬಹುದು ಎಂದು ಎಲ್ಲರಿಗೂ ಗೊತ್ತಾಗಲಿ. ನಿಮ್ಮ ಹಿಂದಿನ ಗೋಡೆ ಖಾಲಿ ಆಯಿತಲ್ಲ, ಅಲ್ಲಿ ಹಳ್ಳಿ ಬಸ್ಸುಗಳ ಟೈಮ್‌ಟೇಬಲ್ ಅಂಟಿಸಿ. ಬಸ್ ನಿಲ್ದಾಣದ ಕಂಟ್ರೋಲರ್ ಹತ್ತಿರ ಕೇಳಿದರೆ ಬರೆದುಕೊಳ್ಳಲು ಬಿಡುತ್ತಾರೆ. ಪಕ್ಕದಲ್ಲೇ ಪರೀಕ್ಷಾ ವೇಳಾಪಟ್ಟಿ ಮತ್ತು ಸ್ಕಾಲರ್‌ಶಿಪ್ ಅರ್ಜಿಯ ಕೊನೆಯ ದಿನಾಂಕ ಇರಲಿ. ಅಕ್ಷರ ಮಾತ್ರ ತೀರಾ ದಪ್ಪ ಬೇಡ. ಮೇಜಿನ ಹತ್ತಿರ ಬಂದು ನಿಂತರೆ ಮಾತ್ರ ಓದಲು ಆಗುವಷ್ಟಿರಲಿ.